ಗುಡ್ಡ ಜಾರಿ ಮನೆ ಹೋದ ಮೇಲೆ ಗೃಹಸಾಲ ತೀರಿಸಿ ಜಾಗದ ಪತ್ರ ಬಿಡಿಸಿಕೊಂಡೆ: ನನ್ನ ಅನುಭವ

2019ರ ಆಗಸ್ಟ್‌ನಲ್ಲಿ ನಮ್ಮ ಮನೆ ಹೋಯಿತು. ಮೂಡಿಗೆರೆ ತಾಲ್ಲೂಕು, ಬಣಕಲ್ ಹೋಬಳಿ. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಬಂತಲ್ಲ, ಅದೇ ಮಳೆ. ಹಿಂದಿನ ರಾತ್ರಿಯೇ ಅಮ್ಮ ಹಟ ಹಿಡಿದು ಎಲ್ಲರನ್ನೂ ಚಿಕ್ಕಪ್ಪನ ಮನೆಗೆ ಎಬ್ಬಿಸಿಕೊಂಡು ಹೋಗಿದ್ದರು, ಹಾಗಾಗಿ ಜೀವ ಉಳಿಯಿತು. ಬೆಳಿಗ್ಗೆ ನೋಡಿದರೆ ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣು, ಬೇರು ಸಮೇತ ಬಂದು ಬಿದ್ದ ಸಿಲ್ವರ್ ಓಕ್ ಮರಗಳು, ಒಂದು ಮೂಲೆಯಲ್ಲಿ ಅಡುಗೆಮನೆ ಗೋಡೆ ಅರ್ಧ.

ಮನೆ ಹೋಯಿತು, ಬ್ಯಾಂಕಿನ ಸಾಲ ಮಾತ್ರ ಹಾಗೇ ಇತ್ತು. 16 ಲಕ್ಷ ಚಿಲ್ಲರೆ. 2022ರ ಬೇಸಿಗೆಯಲ್ಲಿ ಅದನ್ನು ಪೂರ್ತಿ ತೀರಿಸಿದೆ. ತೋಟದ ಒಂದು ಗುಂಟೆಯನ್ನೂ ಅಡ ಇಡಲಿಲ್ಲ, ಮಾರಲಿಲ್ಲ. ಇದು ಆಗೋ ಕೆಲಸ ಅಲ್ಲ ಅಂದಿದ್ದವರೇ ಈಗ ಫೈಲ್ ಹಿಡಿದುಕೊಂಡು ಬಂದು ಕೇಳುತ್ತಾರೆ. ಎಲ್ಲರಿಗೂ ಒಂದೊಂದು ಸಲ ಹೇಳುವ ಬದಲು ಬರೆದುಬಿಡುತ್ತೇನೆ. ಲೆಕ್ಕ ನೆನಪಿನಿಂದ ಬರೆದದ್ದು, ಸಾವಿರ ಎರಡು ಸಾವಿರ ಆಚೆ ಈಚೆ ಇರಬಹುದು.

2014ರಲ್ಲಿ ಅಲಿನೇಷನ್ ಆದ (ಕೃಷಿಯಿಂದ ಬೇರೆ ಬಳಕೆಗೆ ಬದಲಾದ) 8 ಗುಂಟೆ ಜಾಗದಲ್ಲಿ ಮನೆ ಕಟ್ಟಲು 18 ಲಕ್ಷ ತೆಗೆದಿದ್ದೆ. 20 ವರ್ಷ, ಬಡ್ಡಿ ಆಗ ಶೇ 10.25, ಕಂತು 17,600ರ ಮೇಲೆ. ಐದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ದು ಹತ್ತೂವರೆ ಲಕ್ಷ. ಅಸಲು ಇಳಿದದ್ದು 1 ಲಕ್ಷ 80 ಸಾವಿರ, ಅಷ್ಟೇ. ಸ್ಟೇಟ್‌ಮೆಂಟ್ ನೋಡಿದ ದಿನ ಊಟ ಸೇರಲಿಲ್ಲ.

ಮೊದಲ ತಪ್ಪು ನನ್ನದೇ. ಕಂತು ನಿಲ್ಲಿಸಿದೆ. ಭಾವ ಹೇಳಿದ್ದರು, "ಏ ಮಾರಾಯ, ಇಲ್ಲದ ಮನೆಗೆ ಯಾಕೆ ಕಟ್ತೀಯ? ಬ್ಯಾಂಕಿನವರು ಬೇಕಾದ್ರೆ ಬಂದು ಮಣ್ಣು ತುಂಬಿಕೊಂಡು ಹೋಗಲಿ." ಆಗ ಸರಿ ಅನಿಸಿತ್ತು. ಆದರೆ ಮನೆ ಬರೀ ಅಡಮಾನ, ಸಾಲ ತೀರಿಸ್ತೀನಿ ಅಂತ ಸೈನ್ ಹಾಕಿದ್ದು ನಾನು. ಮನೆ ಬಿದ್ದರೆ ಸಾಲ ಬೀಳುವುದಿಲ್ಲ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಲ್ಲಿ (ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾಯ್ದೆ) 60 ದಿನದ ನೋಟಿಸು, ಸಿಬಿಲ್ (ಸಾಲ ಕಟ್ಟಿದ ದಾಖಲೆಯ ಅಂಕ) ಹಾಳು, ತೋಟಕ್ಕೆ ಬೆಳೆಸಾಲವೂ ಕಷ್ಟ. ಎಂಬತ್ತನೇ ದಿನವೋ ಏನೋ ಅಮ್ಮನ ಎರಡು ಬಳೆ ಅಡ ಇಟ್ಟು ಬಾಕಿ ಕಂತು ತುಂಬಿದೆ. ಅವತ್ತಿನಿಂದ ಒಂದು ಹಟ ಇಟ್ಟುಕೊಂಡೆ. ಏನೇ ಆಗಲಿ, ತಿಂಗಳ ಬಡ್ಡಿಯಷ್ಟಾದರೂ ಖಾತೆಗೆ ಹೋಗಬೇಕು.

ನಂತರ ಕಂತು ಕಡಿಮೆ ಮಾಡಿಸುವ ಕೆಲಸ. ಬಾಯಲ್ಲಿ ಹೇಳಿದರೆ ಮ್ಯಾನೇಜರ್ "ನೋಡೋಣ ಗೌಡ್ರೇ" ಅನ್ನುತ್ತಾರೆ, ಮರುತಿಂಗಳು ವರ್ಗವಾಗಿ ಹೋಗುತ್ತಾರೆ. ನನಗೆ ಎರಡು ಸಲ ಹಾಗಾಯಿತು. ಮೂರನೇ ಸಲ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡೆ. ನೈಸರ್ಗಿಕ ವಿಕೋಪದ ಪ್ರದೇಶಗಳಲ್ಲಿ ಬ್ಯಾಂಕುಗಳು ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿರ್ದೇಶನ ಆಗ ಇತ್ತು, ಅದನ್ನು ಅರ್ಜಿಯಲ್ಲಿ ಹೆಸರಿಸಿದೆ. ಶಾಖೆಯವರು ಅದು ಬೆಳೆಸಾಲಕ್ಕೆ ಮಾತ್ರ ಅಂದರು. ಹೆಚ್ಚಿನ ಭಾಗ ಬೆಳೆಸಾಲದ್ದೇ, ನಿಜ. ಆದರೆ ಉಳಿದ ಸಾಲಗಳ ಬಗ್ಗೆಯೂ ರಾಜ್ಯ ಅಥವಾ ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಮಿತಿ ತೀರ್ಮಾನ ಮಾಡಬಹುದು ಅಂತ ಅದರಲ್ಲೇ ಇತ್ತು. ಹಾಗಾಗಿ ಅರ್ಜಿಯ ಪ್ರತಿ ಚಿಕ್ಕಮಗಳೂರಿನ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವವರು), ಇನ್ನೊಂದು ಪ್ರತಿ ಡಿ.ಸಿ. ಆಫೀಸಿಗೆ. ಅರ್ಜಿಯ ಕೊನೆಯಲ್ಲಿ ನಾನು ಬರೆದ ಒಂದು ಸಾಲು ಇದೆ, ಕೆಲಸ ಮಾಡಿದ್ದು ಅದೇ ಅಂತ ನನ್ನ ನಂಬಿಕೆ. ಅದನ್ನು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ಕಾಪಿ ಮಾಡಿದರೆ ಅದರ ಬೆಲೆ ಹೋಗುತ್ತದೆ. ನಿಜವಾಗಿ ಮನೆ ಕಳೆದುಕೊಂಡವರು ಮನೆಗೆ ಬನ್ನಿ, ಹೇಳುತ್ತೇನೆ. 12 ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ ಸಾಕು ಅಂತ ಬರಹದಲ್ಲಿ ಬಂತು.

ಆ ಬರಹದ ಜೊತೆ ಇನ್ನೊಂದು ಪತ್ರವೂ ಬಂತು. ಅಡಮಾನದ ಆಸ್ತಿ ನಾಶವಾಗಿದೆ, ಹೆಚ್ಚುವರಿ ಭದ್ರತೆ ಕೊಡಿ. ಅಂದರೆ ಅಪ್ಪನ ಹೆಸರಿನ ಮೂರು ಎಕರೆ ಕಾಫಿ ತೋಟ. ಇದನ್ನು ಕೇಳುವ ಹಕ್ಕು ಬ್ಯಾಂಕಿಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 68ನೇ ಸೆಕ್ಷನ್. ಆಸ್ತಿ ಯಾರ ತಪ್ಪೂ ಇಲ್ಲದೆ ನಾಶವಾದರೂ, ಬೇರೆ ಭದ್ರತೆ ಕೊಡಲು ಸಾಕಷ್ಟು ಅವಕಾಶ ಕೊಟ್ಟ ಮೇಲೂ ಕೊಡದಿದ್ದರೆ ಹಣಕ್ಕೆ ದಾವಾ ಹಾಕಬಹುದು. ಅಪ್ಪ ಸೈನ್ ಹಾಕಲು ಪೆನ್ನು ಕೇಳಿದ್ದರು. ನಾನು ಕೊಡಲಿಲ್ಲ. ಒಂದು ದುರಂತಕ್ಕೆ ಮನೆ ಹೋಗಿದೆ, ತೋಟವನ್ನೂ ಅದರ ಹಿಂದೆ ಕಳಿಸಲು ನನಗೆ ಮನಸ್ಸಿರಲಿಲ್ಲ. ಮನೆಗೆ ವಿಮೆ ಇದೆ, ಅದರ ಹಣ ನಿಮಗೇ ಬರುತ್ತದೆ, ಅದೇ ಭದ್ರತೆ ಅಂತ ಉತ್ತರ ಬರೆದೆ.

ಆ ವಿಮೆ ಸಿಕ್ಕಿದ ಕತೆ ಸ್ವಲ್ಪ ಉದ್ದ. ಮೊದಲು ಕೌಂಟರ್‌ನಲ್ಲಿ ಕೇಳಿದಾಗ "ಹೌದು, ನಿಮ್ಮ ಸಾಲಕ್ಕೆ ಇನ್ಷೂರೆನ್ಸ್ ಇದೆ" ಅಂದರು. ಆರು ವಾರ ಅದರ ಹಿಂದೆ ಓಡಾಡಿದೆ. ಆಮೇಲೆ ಗೊತ್ತಾಯಿತು, ಅದು ನನ್ನ ಜೀವದ ಮೇಲಿನದು. ನಾನು ಸತ್ತರೆ ಸಾಲ ತೀರುತ್ತದೆ, ಮನೆ ಬಿದ್ದರೆ ಒಂದು ಪೈಸೆ ಇಲ್ಲ. ತುಂಬಾ ಜನ ಇಲ್ಲೇ ಕೈಬಿಡುತ್ತಾರೆ. ನಾನು ಬಿಡಲಿಲ್ಲ. 2014ರ ಮೊದಲ ಮೂರು ತಿಂಗಳ ಲೋನ್ ಸ್ಟೇಟ್‌ಮೆಂಟ್ ತೆಗೆಸಿ ಸಾಲು ಸಾಲು ನೋಡಿದೆ. ಏಳು ಸಾವಿರದ ಹತ್ತಿರದ ಒಂದು ಡೆಬಿಟ್, ಪಕ್ಕದಲ್ಲಿ ಅರ್ಧಂಬರ್ಧ ಇಂಗ್ಲಿಷ್ ಅಕ್ಷರ. ಅದೇ ಕಟ್ಟಡದ ಮೇಲಿನ ಫೈರ್ ಪಾಲಿಸಿ, 10 ವರ್ಷದ್ದು, 20 ಲಕ್ಷಕ್ಕೆ. ಹೆಸರು ಫೈರ್ ಅಂತಿದ್ದರೂ ಪ್ರವಾಹ, ಭೂಕುಸಿತ ಅದರಲ್ಲಿ ಸೇರಿದ್ದವು. ಪಾಲಿಸಿ ಪತ್ರ ಬ್ಯಾಂಕಿನ ಫೈಲಿನಲ್ಲೇ ಐದು ವರ್ಷದಿಂದ ಕೂತಿತ್ತು.

ಅಷ್ಟು ಹೊತ್ತಿಗೆ ಎರಡು ತಿಂಗಳು ದಾಟಿತ್ತು. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನಿಜವಾದ ಕ್ಲೈಮ್ ತಳ್ಳಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ 2011ರ ಸೆಪ್ಟೆಂಬರ್ ಸುತ್ತೋಲೆ ಆಗ ಇತ್ತು. ಅದನ್ನು ಲಗತ್ತಿಸಿದೆ. ತಡದ ಮಾತು ಅಲ್ಲಿಗೆ ನಿಂತಿತು.

ಆದರೂ 2020ರ ಫೆಬ್ರವರಿಯಲ್ಲಿ ಕ್ಲೈಮ್ ತಿರಸ್ಕಾರ ಆಯಿತು. ಕಾರಣ ಒಂದು ಪದ. ಮಹಜರಿನಲ್ಲಿ (ಅಧಿಕಾರಿಗಳು ಸ್ಥಳ ನೋಡಿ ಬರೆದ ವರದಿ) "ಮನೆ ಹಿಂಭಾಗದ ಧರೆ ಕುಸಿದು ಮನೆ ಹಾನಿಯಾಗಿದೆ" ಅಂತ ಬರೆದಿದ್ದರು. ನಮ್ಮ ಕಡೆ ಧರೆ ಅಂದರೆ ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆ. ವಿಮಾ ಕಂಪನಿಯವರು ಅದನ್ನೇ ಹಿಡಿದರು. ನೀವು ಮಣ್ಣು ಕಡಿದಿದ್ದೀರಿ, ತಗ್ಗಿಗೆ ಮಣ್ಣು ತುಂಬಿ ಮೇಲೆ ಮನೆ ಕಟ್ಟಿದ್ದೀರಿ, ಅದು ಕೂತಿದೆ. ತುಂಬಿದ ಮಣ್ಣು ಜರುಗಿದ್ದು, ಅಗೆತದಿಂದ ಆದದ್ದು ಪಾಲಿಸಿಯಲ್ಲಿ ಬರುವುದಿಲ್ಲ. ಷರತ್ತು ಹಾಗೆ ಇರುವುದು ನಿಜ. ಆದರೆ ನಮ್ಮಲ್ಲಿ ಬಂದಿದ್ದು ಧರೆ ಅಲ್ಲ, ಮೇಲಿನ ಇಡೀ ಗುಡ್ಡ. ಮನೆಗಿಂತ ಇನ್ನೂರು ಮುನ್ನೂರು ಅಡಿ ಮೇಲಿನ ಕಾಫಿ ಗಿಡಗಳು ನಮ್ಮ ಅಂಗಳದಲ್ಲಿ ನಿಂತಿದ್ದವು.

ಇದನ್ನು ಸಾಬೀತು ಮಾಡಲು ಲಾಕ್‌ಡೌನ್ ಪೂರ್ತಿ ಕೂತೆ. ಮೂರು ದಾಖಲೆ ಕೂಡಿಸಿದೆ. 2014ರಲ್ಲಿ ಪಾಯ ತೆಗೆಯುವಾಗ ಮೇಸ್ತ್ರಿ ಫೋನಿನಲ್ಲಿ ತೆಗೆದಿದ್ದ ಫೋಟೊ, ಅದರಲ್ಲಿ ಪಾಯ ಗಟ್ಟಿ ನೆಲದಲ್ಲಿ ಕೂತಿದ್ದು ಕಾಣುತ್ತದೆ. ಎರಡನೆಯದು, ತಾಲ್ಲೂಕು ಆಫೀಸಿಗೆ ಅಲೆದು ಮರುಪರಿಶೀಲನೆ ಮಾಡಿಸಿ "ಗುಡ್ಡ ಕುಸಿತ" ಅಂತ ಸರಿಯಾಗಿ ಬರೆಸಿಕೊಂಡ ವರದಿ. ಇದಕ್ಕೆ ಒಂಬತ್ತೋ ಹತ್ತೋ ಸಲ ಹೋಗಿದ್ದೇನೆ. ಮೂರನೆಯದು ಅಪ್ಪನ ಮಳೆ ಪುಸ್ತಕ. ತೋಟ ಇರುವವರಿಗೆ ಗೊತ್ತು, ಬೆಳಿಗ್ಗೆ ಎದ್ದು ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಭಾಗ) ಬರೆಯದೆ ನಮ್ಮಲ್ಲಿ ಹಿರಿಯರು ಕಾಫಿ ಕುಡಿಯುವುದಿಲ್ಲ. ಅಪ್ಪ 1986ರಿಂದ ಒಂದು ದಿನ ಬಿಡದೆ ಬರೆದಿದ್ದಾರೆ. ಪುಸ್ತಕ ಚಿಕ್ಕಪ್ಪನ ಮನೆಗೆ ಹೋಗುವಾಗ ಅವರ ಚೀಲದಲ್ಲೇ ಇತ್ತು. ಮನೆ ಬೀಳುವ ಮುಂಚಿನ ಐದು ದಿನದಲ್ಲಿ 40 ಇಂಚಿನ ಆಸುಪಾಸು. ಅದರ ಪಕ್ಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿ ಇಟ್ಟೆ. ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸಿದವು. ಅಪ್ಪನ ಕೈಬರಹಕ್ಕೆ ಸಿಕ್ಕ ಆ ಬೆಲೆ ನನಗೆ ಕ್ಲೈಮ್ ಹಣಕ್ಕಿಂತ ದೊಡ್ಡದು.

ಇದೆಲ್ಲ ಹಾಕಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. 6 ಲಕ್ಷ ಕೊಡ್ತೀವಿ, ಪೂರ್ಣ ಮತ್ತು ಅಂತಿಮ ಅಂತ ಸೈನ್ ಮಾಡಿ ಅಂದರು. ಮನೆಯಲ್ಲಿ ಎಲ್ಲರೂ ತಗೋ ಅಂದರು. ಆ ವೋಚರ್‌ಗೆ ಸೈನ್ ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಾಕಲಿಲ್ಲ. ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ಕೇಳಿ ತೀರ್ಮಾನ ಕೊಡುವವರು) ದೂರು ಕೊಟ್ಟೆ. ಶುಲ್ಕ ಇಲ್ಲ, ವಕೀಲರನ್ನು ಬಿಡುವುದೂ ಇಲ್ಲ, ನಾವೇ ಮಾತಾಡಬೇಕು. ಆಗ ಅವರು 30 ಲಕ್ಷದವರೆಗೆ ಕೊಡಿಸಬಹುದಿತ್ತು, 2023ರಲ್ಲಿ ಅದು 50 ಲಕ್ಷ ಆಗಿದೆ. ತಿರಸ್ಕಾರ ಆಗಿ ಒಂದು ವರ್ಷದೊಳಗೆ ಹೋಗಬೇಕು, ಇದನ್ನು ಮರೆಯಬೇಡಿ. ವಿಚಾರಣೆ ವಿಡಿಯೊದಲ್ಲಿ ನಡೆಯಿತು. ನಮ್ಮ ಕಡೆ ಸಿಗ್ನಲ್ ಇಲ್ಲ, ಕೊಟ್ಟಿಗೆಹಾರದಲ್ಲಿ ಪರಿಚಯದವರ ಅಂಗಡಿಯ ಒಳಕೋಣೆಯಲ್ಲಿ ಕೂತು ಮಾತಾಡಿದೆ. ನಾನು ಮಾತು ಯಾವುದರಿಂದ ಶುರು ಮಾಡಿದೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಕೇಳಿದ್ದು 19 ಲಕ್ಷ, ಬಂದಿದ್ದು 14 ಲಕ್ಷ 20 ಸಾವಿರ ಚಿಲ್ಲರೆ. ಕಡಿಮೆಯಾಗಲು ಕಾರಣ ಸವಕಳಿ (ಮನೆ ಹಳೆಯದಾದಂತೆ ಇಳಿಯುವ ಬೆಲೆ), ಉಳಿದ ಪಾಯದ ಬೆಲೆ, ನಾನು ಆಗಲೇ ಮಾರಿದ್ದ ಹಂಚು ಮತ್ತು ಮರದ ಲೆಕ್ಕ, ಮೇಲಿಂದ ಮನೆಯ ಬೆಲೆಗಿಂತ ಪಾಲಿಸಿ ಮೊತ್ತ ಕಡಿಮೆ ಇದ್ದದ್ದು.

ಹಣ ನೇರ ಬ್ಯಾಂಕಿಗೆ ಹೋಯಿತು, ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಮೊದಲಿರುತ್ತದೆ. ಮನೆ ಮತ್ತೆ ಕಟ್ಟಲು ಬಿಡಿ ಅಂತ ಕೇಳಬಹುದಿತ್ತು. ಆದರೆ ಆ ಜಾಗ ಸುರಕ್ಷಿತ ಅಲ್ಲ ಅಂತ ವರದಿ ಇತ್ತು, ಸಾಲಕ್ಕೇ ಹಾಕಿ ಅಂದೆ. ಉಳಿದದ್ದು 1 ಲಕ್ಷ 90 ಸಾವಿರ. ಅದನ್ನು ಕಾಫಿ ಕೊಯ್ಲು ಮುಗಿದ ಮೇಲೆ ಒಂದೇ ಸಲ ಕಟ್ಟಿದೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ, 2012ರಿಂದಲೇ ಇಲ್ಲ. ಆದರೂ ಒಂದು ಚಾರ್ಜು ಹಾಕಿದ್ದರು, ಜಗಳ ಮಾಡಿ ತೆಗೆಸಿದೆ.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಬೇಕು. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗ ಮಾಡಲು ನೋಡಿದ್ದು ವ್ಯರ್ಥ. ವ್ಯಾಲ್ಯುವರ್ (ಆಸ್ತಿಗೆ ಬೆಲೆ ಕಟ್ಟುವವರು) ಬಂದು ಮಣ್ಣು ನೋಡಿ ಹೋದರು, ನನ್ನ ಮೂರೂವರೆ ಸಾವಿರ ಹೋಯಿತು. 8 ಗುಂಟೆ ಮಾರಲು ನೋಡಿದೆ, ಯಾರೂ ಬರಲಿಲ್ಲ. ಗೆದ್ದಿದ್ದು ಒಂದು. 2019ರ ಅಕ್ಟೋಬರ್‌ನಿಂದ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಜೋಡಿಸಿದ ಸಾಲ ಬಂತು, ಸಣ್ಣ ಶುಲ್ಕ ಕಟ್ಟಿ ಅದಕ್ಕೆ ಬದಲಾಯಿಸಿಕೊಂಡೆ. 2020ರ ಮೇ ಹೊತ್ತಿಗೆ ರೆಪೊ ಶೇ 4ಕ್ಕೆ ಇಳಿಯಿತು, ನನ್ನ ತಿಂಗಳ ಬಡ್ಡಿ ಹನ್ನೆರಡು ಸಾವಿರ ಇದ್ದದ್ದು ಒಂಬತ್ತೂವರೆಗೆ ಬಂತು. ಕೊರೊನಾ ಸಮಯದಲ್ಲಿ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿದ್ದರಲ್ವಾ, ಅದನ್ನು ನಾನು ತಗೊಳ್ಳಲಿಲ್ಲ. ಬಡ್ಡಿ ಸುಮ್ನೆ ಬೆಳೆಯುತ್ತದೆ.

ಹೊಸ ಮನೆ ಸರ್ಕಾರದ ಪರಿಹಾರದ 5 ಲಕ್ಷದಲ್ಲಿ, ಕಣದ ಪಕ್ಕದ ಮಟ್ಟಸ ಜಾಗದಲ್ಲಿ ಕಟ್ಟಿದ್ದು. ಹಣ ಕಂತಿನಲ್ಲಿ ಬರುತ್ತದೆ, ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ ಆಗಬೇಕು. ನಮ್ಮ ಕೈಯಿಂದ ಇನ್ನೂ ಮೂರು ಲಕ್ಷ ಹೋಯಿತು. ಜಾಗದ ಮೂಲ ಪತ್ರ ಬ್ಯಾಂಕಿನಲ್ಲಿದೆ ಅಂತ ಪರಿಹಾರದ ಅರ್ಜಿ ನಿಲ್ಲಿಸಬೇಡಿ. ಪತ್ರ ನಮ್ಮಲ್ಲಿದೆ ಅಂತ ಬ್ಯಾಂಕಿನಿಂದ ಬರೆಸಿಕೊಂಡು ದೃಢೀಕರಿಸಿದ ನಕಲು ಹಾಕಿದರೆ ನನಗೆ ನಡೆಯಿತು.

ಪತ್ರ ವಾಪಸ್ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಈಗ 2023ರ ಡಿಸೆಂಬರ್‌ನಿಂದ ನಿಯಮ ಬಿಗಿಯಾಗಿದೆ. ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಮಗೆ. ಪತ್ರ ಬಂದ ಕೂಡಲೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ ಹೊಸ ಇ.ಸಿ. (ಜಾಗದ ಮೇಲಿನ ಸಾಲ, ಋಣ ತೋರಿಸುವ ದಾಖಲೆ) ತೆಗೆಸಿ, ಇಲ್ಲದಿದ್ದರೆ ದಾಖಲೆಯಲ್ಲಿ ಆ ಸಾಲ ಹಾಗೇ ಕಾಣುತ್ತಿರುತ್ತದೆ.

ಹೊಸ ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದೇನೆ. 2021ರ ಏಪ್ರಿಲ್‌ನಿಂದ ಬಂದಿದ್ದು. ಇದರಲ್ಲೂ ಭೂಕುಸಿತ ಇದೆ, ಪಾಲಿಸಿ ಮೊತ್ತ ಕಡಿಮೆ ಅಂತ ಕ್ಲೈಮ್ ಕತ್ತರಿಸುವ ಲೆಕ್ಕ ಇಲ್ಲ. ಜಾರಿದ ಗುಡ್ಡದ ಮುಖಕ್ಕೆ ಲಾವಂಚ ನೆಟ್ಟೆ. ಮೊದಲ ವರ್ಷ ನೆಟ್ಟದ್ದರಲ್ಲಿ ಅರ್ಧ ಮಳೆಗೆ ಕೊಚ್ಚಿಹೋಯಿತು, ಎರಡನೇ ವರ್ಷ ಮೇ ತಿಂಗಳಲ್ಲೇ ಹತ್ತಿರ ಹತ್ತಿರ ನೆಟ್ಟಿದ್ದು ಹಿಡಿಯಿತು. ಈಗ ಬುಡಗಳು ಒಂದಕ್ಕೊಂದು ತಾಗಿವೆ. ಅಪ್ಪ ದಿನಾ ಮಳೆ ಅಳೆದು ಬಂದು, ಲಾವಂಚದ ಸಾಲಿನ ಕೆಳಗೆ ನೀರು ಕೆಂಪಾಗಿದೆಯೋ ತಿಳಿಯಾಗಿದೆಯೋ ಅಂತ ಅದೇ ಪುಸ್ತಕದಲ್ಲಿ ಪಕ್ಕಕ್ಕೆ ಬರೆಯುತ್ತಾರೆ.