ಇನ್‌ಹೇಲರ್ ಎಳೆದೊಡನೆ ಕೆಮ್ಮು ಬಂದರೆ

ಉಬ್ಬಸಕ್ಕೆಂದು ಕೊಟ್ಟ ಇನ್‌ಹೇಲರನ್ನು ಎಳೆದೊಡನೆ ಕೆಮ್ಮು ಬಂತೆಂದು, ಮದ್ದು ಒಗ್ಗಲಿಲ್ಲವೆಂಬ ತೀರ್ಮಾನಕ್ಕೆ ಬಂದು ಅದನ್ನು ಕಪಾಟಿನಲ್ಲಿ ಇಟ್ಟುಬಿಡುವವರು ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆಯಲ್ಲಿಯೂ ಇದ್ದಾರೆ. ಅನೇಕ ವೇಳೆ ತೊಡಕಿರುವುದು ಮದ್ದಿನಲ್ಲಲ್ಲ, ಉಸಿರೆಳೆಯುವ ಕ್ರಮದಲ್ಲಿ.

ನಿಮ್ಮ ಕೈಯಲ್ಲಿರುವುದು ಒತ್ತುವ ಪಂಪೋ ಅಥವಾ ಗುಳಿಗೆಯೊಳಗಿನ ಹುಡಿಯನ್ನು ಎಳೆಯುವ ಸಾಧನವೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇವೆರಡಕ್ಕೂ ಬೇಕಾದ ಉಸಿರು ಒಂದಕ್ಕೊಂದು ತೀರ ವಿರುದ್ಧವಾದುದು.

ಪಂಪನ್ನು ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಪಂಪಿನ ಬಾಯಿಯ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ತೊಡಗುತ್ತಲೇ ಒತ್ತಬೇಕು. ಎದೆ ತುಂಬುವವರೆಗೆ ಎಳೆದು, ಸಾಧ್ಯವಾದರೆ 10 ಸೆಕೆಂಡು ತಡೆದು ಹಿಡಿಯಬೇಕು. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆ ತಪ್ಪಿದರೆ ಮದ್ದು ತಣ್ಣಗೆ, ರಭಸದಿಂದ ಗಂಟಲ ಹಿಂಬದಿಗೆ ಬಡಿದು ಕೆಮ್ಮನ್ನು ಎಬ್ಬಿಸುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆ: ಅದರೊಳಗೆ ಮದ್ದಿನ ವೇಗ ತಗ್ಗಿ, ದಪ್ಪ ಹನಿಗಳು ಅಲ್ಲಿಯೇ ಉಳಿದು, ಗಂಟಲಿಗೆ ಬೀಳುವ ಪ್ರಮಾಣ ಕಡಿಮೆಯಾಗುತ್ತದೆ. ಎರಡು ಸಲ ಎಳೆಯಲು ಹೇಳಿದ್ದರೆ ಎರಡನ್ನೂ ಒಟ್ಟಿಗೆ ಒತ್ತದೆ, ನಡುವೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ ಎಳೆಯಿರಿ. ಸಾಬೂನು ನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಸ್ಪೇಸರನ್ನು ಬಟ್ಟೆಯಿಂದ ಒರೆಸಬಾರದು. ಉಜ್ಜಿದಾಗ ಹುಟ್ಟುವ ವಿದ್ಯುದಂಶಕ್ಕೆ ಮದ್ದು ಗೋಡೆಗೇ ಅಂಟಿಕೊಳ್ಳುತ್ತದೆ.

ಹುಡಿಯ ಸಾಧನವನ್ನು ಮಾತ್ರ ಬಲವಾಗಿ, ಆಳವಾಗಿ ಎಳೆಯಬೇಕು. ಅನೇಕ ಹುಡಿಗಳಲ್ಲಿ ಮದ್ದಿನೊಂದಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬೆರೆತಿರುತ್ತದೆ; ಅದರ ಕಣಗಳು ಒಣ ಗಂಟಲಿಗೆ ತಾಗಿದರೆ ತುರಿಸಿದಂತಾಗಿ ಕೆಮ್ಮು ಬರುವುದರಿಂದ, ಎಳೆಯುವ ಮೊದಲು ಒಂದು ಗುಟುಕು ನೀರು ಕುಡಿಯುವುದು ಒಳ್ಳೆಯದು. ಆಟಿಯ ಮಳೆಯಲ್ಲಿ ಉಪ್ಪೇ ನೀರಾಗುವ ನಮ್ಮ ಮನೆಗಳಲ್ಲಿ ಈ ಹುಡಿಯೂ ಗಂಟು ಕಟ್ಟೀತು. ಆದ್ದರಿಂದ ಗುಳಿಗೆಯನ್ನು ಆಯಾ ಹೊತ್ತಿಗೇ ಒಣಗಿದ ಕೈಯಿಂದ ಹೊರತೆಗೆಯಿರಿ, ಸಾಧನದೊಳಗೆ ಉಸಿರು ಬಿಡಬೇಡಿ. ಎಲೆ ಅಡಿಕೆ ಹಾಕುವ ಹಿರಿಯರು ಬಾಯಿ ತೊಳೆದುಕೊಂಡೇ ಎಳೆಯಲಿ.

ಸ್ಟಿರಾಯ್ಡ್ ಇರುವ ಮದ್ದಾದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಸ್ವರ ಒಡೆಯಬಹುದು, ನಾಲಗೆಯ ಮೇಲೆ ಬಿಳಿ ಪದರದಂತೆ ಶಿಲೀಂಧ್ರ ಬೆಳೆಯಬಹುದು. ಕೆಮ್ಮಿಗೆ ಹೆದರಿ ಈ ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಎಳೆದ ಕೂಡಲೇ ಎದೆ ಬಿಗಿದು, ಸುಯ್ ಎಂಬ ಶಬ್ದದೊಂದಿಗೆ ಉಸಿರು ಕಟ್ಟಿದಂತಾಗುವುದು ಬೇರೆಯೇ ಸಂಗತಿ. ಅಪರೂಪಕ್ಕೆ ಮದ್ದೇ ಶ್ವಾಸನಾಳವನ್ನು ಕುಗ್ಗಿಸುವುದುಂಟು. ಆಗ ಅದನ್ನು ಮತ್ತೆ ಎಳೆಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್‌ಹೇಲರ್ ಮುಟ್ಟದ ಹೊತ್ತಿನಲ್ಲಿಯೂ ಒಣಕೆಮ್ಮು ಬಿಡದಿದ್ದರೆ ರಕ್ತದೊತ್ತಡದ ಗುಳಿಗೆಯ ಹೆಸರನ್ನೂ ವೈದ್ಯರಿಗೆ ತಿಳಿಸಿರಿ, ಏಕೆಂದರೆ ಎನಲಾಪ್ರಿಲ್, ರಾಮಿಪ್ರಿಲ್‌ನಂಥವು ಕೆಲವರಲ್ಲಿ ಕೆಮ್ಮು ತರುತ್ತವೆ. ರಾತ್ರಿ ಕೆಮ್ಮಿ ಎಚ್ಚರವಾಗುತ್ತಿದ್ದರೆ ಉಬ್ಬಸವೇ ಹತೋಟಿಗೆ ಬಂದಿಲ್ಲದಿರಬಹುದು.

ವೈದ್ಯರ ಬಳಿಗೆ ಹೋಗುವಾಗ ಚೀಟಿಯೊಂದಿಗೆ ಇನ್‌ಹೇಲರನ್ನೂ ಒಯ್ದು, ಅವರೆದುರು ಒಮ್ಮೆ ಎಳೆದು ತೋರಿಸಿರಿ. ಮಲೆಯಾಳದಲ್ಲಿ ಹೇಳಿಕೊಟ್ಟದ್ದಕ್ಕೆ ಸುಮ್ಮನೆ ತಲೆಯಾಡಿಸಿ ಬರುವ ಅಜ್ಜ ಅಜ್ಜಿಯರ ಜೊತೆಗೆ ಆ ಭಾಷೆ ಬಲ್ಲ ಮನೆಯವರೊಬ್ಬರು ಇರಲಿ.