ಅಮೆರಿಕದ ಹಳೇ ವಂಶಾವಳಿ: ಸೊಸೆಯ ತವರು ಹುಡುಕುವುದು ಹೇಗೆ?

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕ ತಲುಪಿದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಸುಸಾನಾ ವೈಟ್ ಗಂಡನನ್ನು ಕಳೆದುಕೊಂಡಳು. ಎಡ್ವರ್ಡ್ ವಿನ್ಸ್ಲೋ ಹೆಂಡತಿಯನ್ನು. 1621ರ ಮೇ ತಿಂಗಳಲ್ಲಿ ಇಬ್ಬರೂ ಮದುವೆಯಾದರು. ಆ ಹಡಗಿನವರು ಕಟ್ಟಿಕೊಂಡ ಪ್ಲಿಮತ್ ವಸಾಹತಿನ ಮೊದಲ ಮದುವೆ ಅದು. ಪಾದ್ರಿ ಇಲ್ಲ, ಚರ್ಚಿನ ಶಾಸ್ತ್ರವೂ ಇಲ್ಲ. ಅಧಿಕಾರಿಯ ಮುಂದೆ ನಡೆದ ಮದುವೆ.

ಸುಸಾನಾಳ ತವರು ಯಾವುದು? ಬಹಳ ಕಾಲ ಫುಲ್ಲರ್ ಮನೆತನ ಎಂದೇ ನಂಬಿದ್ದರು. ಆಕೆ ಜಾಕ್ಸನ್ ಮನೆಯ ಮಗಳು ಎಂದು ಸಂಶೋಧಕರು ತೋರಿಸಿದ್ದು 2017ರಲ್ಲಿ! ಇಂಥ ಮನೆತನಗಳಲ್ಲಿ ಗಂಡಸರ ಸಾಲು ಸಲೀಸು. ಕೈಕೊಡುವುದು ಹೆಂಗಸರ ತವರೇ.

ಮೊದಲು ಇಂದಿನಿಂದ ಹಿಂದಕ್ಕೆ ನಡೆಯಿರಿ. 1880ರ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬುದಿದೆ. 1850ರದ್ದರಲ್ಲಿ ಗುಲಾಮರನ್ನು ಬಿಟ್ಟು ಮನೆಮಂದಿಯ ಹೆಸರೆಲ್ಲ ಸಿಗುತ್ತದೆ. ಅದಕ್ಕೂ ಹಿಂದಿನ ಗಣತಿಯಲ್ಲಿ ಯಜಮಾನನ ಹೆಸರು ಮಾತ್ರ. ಉಳಿದವರು ಸುಮ್ನೆ ಲೆಕ್ಕ.

ಅಲ್ಲಿಂದಾಚೆಗೆ ಊರಿನ ದಾಖಲೆಗಳೇ ಗತಿ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಊರಿನ ಗುಮಾಸ್ತರು ಬರೆದಿಡುತ್ತಿದ್ದರು. ಫ್ಯಾಮಿಲಿಸರ್ಚ್ ತಾಣದಲ್ಲಿ ಇಂಥವು ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಮದುವೆಯ ಪತ್ರ ಸಿಕ್ಕರೆ ಅದೃಷ್ಟ ಖುಲಾಯಿಸಿದ ಹಾಗೆ. ಮದುವೆಗೆ ಬಂದವರೆಲ್ಲ ಅದರಲ್ಲಿ ಸಹಿ ಹಾಕಿರುತ್ತಾರೆ. ವರ್ಜೀನಿಯಾದಲ್ಲಿ ಇಷ್ಟು ಸುಖವಿಲ್ಲ, ಎಷ್ಟೋ ಕೋರ್ಟುಗಳ ಕಡತ ಸುಟ್ಟುಹೋಗಿವೆ.

ಮದುವೆಯ ದಾಖಲೆ ಸಿಗಲಿಲ್ಲವೇ? ಹೆಣ್ಣಿನ ಅಪ್ಪನ ಉಯಿಲು ಹುಡುಕಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ದಾರಿ ಇಲ್ಲ. 'ನನ್ನ ಮಗಳು ಮೇರಿ, ಇಂಥವರ ಹೆಂಡತಿ, ಅವಳಿಗೆ ಒಂದು ಹಸು' ಎಂಬಂಥ ಒಂದು ಸಾಲು ಸಾಕು, ಎರಡು ಮನೆತನ ಬೆಸೆದುಕೊಳ್ಳುತ್ತವೆ. ಉಯಿಲು ಇಲ್ಲದಿದ್ದರೆ ಆಸ್ತಿ ಹಂಚಿದ ಪತ್ರ, ಜಮೀನು ಮಾರಿದ ಪತ್ರ ನೋಡಿ.

ತಾರೀಖು ಓದುವಾಗ ಜೋಪಾನ. 1752ಕ್ಕೆ ಮುಂಚೆ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ! ಹಾಗಾಗಿ 1640/41ರ ಫೆಬ್ರವರಿ ಎಂದಿದ್ದರೆ ಈಗಿನ ಲೆಕ್ಕದಲ್ಲಿ ಅದು 1641. ಇದು ಗೊತ್ತಿಲ್ಲದೆ ಮದುವೆಗೆ ಮುಂಚೆಯೇ ಮಗು ಹುಟ್ಟಿತು ಎಂದು ಬರೆದುಬಿಟ್ಟರೆ ಫಜೀತಿ ಅಲ್ವಾ?

ನಂಟಿನ ಪದಗಳೂ ದಾರಿ ತಪ್ಪಿಸುತ್ತವೆ. ನಮ್ಮಲ್ಲಿ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಆಗಿನ ಇಂಗ್ಲಿಷಿನಲ್ಲಿ 'ಕಸಿನ್' ಎಂದರೆ ಅಣ್ಣನ ಮಗನೂ ಆಗಬಹುದು. 'ಮದರ್ ಇನ್ ಲಾ' ಎಂದರೆ ಮಲತಾಯಿಯೂ ಆಗಬಹುದು. ಒಂದೇ ಊರಿನ ಸೀನಿಯರ್, ಜೂನಿಯರ್ ಜಾನ್‌ಗಳು ಅಪ್ಪ ಮಗನೇ ಆಗಿರಬೇಕೆಂದಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ವಂಶವೃಕ್ಷವನ್ನು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಸುಮಾರು ನೂರು ವರ್ಷದ ಹಿಂದೆ ಗುಸ್ತಾವ್ ಅಂಜೂ ಎಂಬಾತ ಶ್ರೀಮಂತರಿಗೆ ಸುಳ್ಳು ವಂಶಾವಳಿ ಹೊಸೆದು ಮಾರಿದ್ದ. ಅವನು ಕಟ್ಟಿಕೊಟ್ಟ ಪೂರ್ವಜರು ಇಂದಿಗೂ ಎಷ್ಟೋ ವಂಶವೃಕ್ಷಗಳಲ್ಲಿ ಹಾಯಾಗಿ ಕೂತಿದ್ದಾರೆ.