ಫಾರ್ಮ್ ತುಂಬುವ ಮೊದಲು ಒಂದು ಹಾಳೆ ಕನ್ನಡದಲ್ಲಿ ಬರೆಯಿರಿ

ಚಿಂಚವಡದ ನಮ್ಮ ಮನೆಯ ಹಾಲಿನಲ್ಲಿ ವಾರವಿಡೀ ಗಣಿತ, ವಿಜ್ಞಾನದ ಟ್ಯೂಷನ್. ಭಾನುವಾರ ಬೆಳಿಗ್ಗೆ ಮಾತ್ರ ಫಾರ್ಮ್ ತುಂಬುವ ಕೆಲಸ. ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು 22 ವರ್ಷವಾಯಿತು. ನನ್ನ ಹತ್ತಿರ ಬರುವ ಮಕ್ಕಳ ಅಪ್ಪ-ಅಮ್ಮಂದಿರು ಹೆಚ್ಚಾಗಿ ವಿಜಯಪುರ, ಕಲಬುರಗಿ ಕಡೆಯವರು. ಕೆಲವರು ಭೋಸರಿಯ ಕಂಪನಿಗಳಲ್ಲಿ ಇದ್ದಾರೆ, ಕೆಲವರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ನಾನು ‘ಅಕ್ಕೋರು’, ಮಕ್ಕಳಿಗೆ ‘ಟೀಚರ್’.

ಐದಾರು ವರ್ಷಗಳಿಂದ ಒಂಬತ್ತನೇ, ಹನ್ನೊಂದನೇ ಕ್ಲಾಸಿನ ಮಕ್ಕಳು ‘ಯೂತ್ ಲೀಡರ್‌ಶಿಪ್’ ಅಂತ ಬರೆದ ಫಾರ್ಮ್ ಹಿಡಿದು ಬರುತ್ತಿದ್ದಾರೆ. ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಶಿಬಿರ, ಕಾರ್ಯಕ್ರಮಗಳಿಗೆ ಹಾಕುವ ಅರ್ಜಿ ಅದು. ಬಂದವರ ಮೊದಲ ಮಾತು ಒಂದೇ. ‘ಟೀಚರ್, ನಾನು ಮಾನಿಟರ್ ಕೂಡ ಅಲ್ಲ. ಏನು ಬರೀಲಿ?’ ನಾನು ಇಲ್ಲಿ ಹೇಳುವುದೆಲ್ಲ ಜಾಸ್ತಿ ಆ ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೊಟ್ಟಮೊದಲು ಬಂದವನು ಇಸ್ತ್ರಿ ಅಂಗಡಿಯವರ ಮಗ. ಚುರುಕು ಹುಡುಗ, ಇಂಗ್ಲಿಷ್ ಸ್ವಲ್ಪ ಕಷ್ಟ. ನನಗೆ ಉತ್ಸಾಹ ಉಕ್ಕಿ ಅರ್ಜಿಯ ಜೊತೆ ಕೇಳಿದ್ದ 300 ಪದಗಳ ಪ್ರಬಂಧವನ್ನು ನಾನೇ ಬರೆದುಕೊಟ್ಟೆ. ‘ಹೋಲಿಸ್ಟಿಕ್’ ಎಂಬ ಪದವನ್ನು ಎರಡು ಕಡೆ ಹಾಕಿದ್ದೆ. ಇಂಟರ್‌ವ್ಯೂಗೆ ಕರೆ ಬಂತು. ಅಲ್ಲಿ ಕೂತವರು ಆ ಪದದ ಮೇಲೇ ಬೆರಳಿಟ್ಟು ‘ಇದರ ಅರ್ಥ ಏನಪ್ಪ?’ ಎಂದು ಕೇಳಿದರಂತೆ. ಹುಡುಗ ಬೆವತುಹೋದ. ‘ಅದು ನಮ್ಮ ಟೀಚರ್ ಬರೆದದ್ದು’ ಎಂದು ನಿಜ ಹೇಳಿ ಎದ್ದು ಬಂದ. ಸೀಟು ಸಿಗಲಿಲ್ಲ. ಅವನು ಎರಡು ದಿನದಲ್ಲಿ ಮರೆತ, ನನಗೆ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಅವನು ಅಂಗಡಿಯಲ್ಲಿ ಏನು ಮಾಡುತ್ತಾನೆ ಎಂದು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಗೊತ್ತಾಯಿತು. ನಾಲ್ಕು ಹೌಸಿಂಗ್ ಸೊಸೈಟಿಗಳ ಬಟ್ಟೆ ಅದಲು-ಬದಲಾಗದಂತೆ ಬಣ್ಣದ ದಾರದ ಗುರುತು ಶುರು ಮಾಡಿದವನು ಅವನೇ. ಅಪ್ಪ, ಚಿಕ್ಕಪ್ಪ ಇಬ್ಬರೂ ಬೇಡ ಅಂದರೂ ಒಪ್ಪಿಸಿದ್ದ. ಅಷ್ಟನ್ನೇ ಬರೆದಿದ್ದರೆ ಸಾಕಿತ್ತು.

ಇರಲಿ, ಯಾವುದಕ್ಕೆ ಅರ್ಜಿ ಹಾಕಬೇಕು ಎಂಬುದು ಮೊದಲ ಗೊಂದಲ. ‘ಲೀಡರ್‌ಶಿಪ್’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸರಕು ಇದೆ. ಸಮಾಜಸೇವೆಯ ಕ್ಲಬ್ಬುಗಳ ಸಂಸ್ಥೆ ರೋಟರಿಯವರ ‘ರೈಲಾ’ ಒಂದು ಶಿಬಿರ. 1959ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹುಟ್ಟಿದ್ದು. 1971ರಲ್ಲಿ ರೋಟರಿ ಅದನ್ನು ಎಲ್ಲ ದೇಶಗಳಿಗೂ ತನ್ನ ಕಾರ್ಯಕ್ರಮವಾಗಿ ಮಾಡಿಕೊಂಡಿತು. 14ರಿಂದ 30 ವರ್ಷದವರಿಗೆ, ಸಾಮಾನ್ಯವಾಗಿ 3ರಿಂದ 10 ದಿನ ಇರುತ್ತದೆ. ಇದಕ್ಕೆ ಎಲ್ಲಿಗೋ ಅರ್ಜಿ ಕಳಿಸಿ ಕಾಯಬೇಕಿಲ್ಲ. ನಿಮ್ಮ ಏರಿಯಾದ ರೋಟರಿ ಕ್ಲಬ್ಬಿನವರನ್ನೇ ಹೋಗಿ ಕೇಳಬೇಕು, ಅವರೇ ಮಕ್ಕಳನ್ನು ಆರಿಸಿ ಕಳಿಸುತ್ತಾರೆ.   ಶಾಲೆಯಲ್ಲಿ ಇಂಟರಾಕ್ಟ್ ಕ್ಲಬ್ ಇದ್ದರೆ ಇನ್ನೂ ಸುಲಭ. ಅದು 12ರಿಂದ 18 ವರ್ಷದವರಿಗೆ ರೋಟರಿಯದೇ ಕ್ಲಬ್.

ಕೇಂದ್ರ ಶಿಕ್ಷಣ ಸಚಿವಾಲಯದ ‘ಪ್ರೇರಣಾ’ ಇನ್ನೊಂದು. 9ರಿಂದ 12ನೇ ಕ್ಲಾಸಿನವರಿಗೆ ಗುಜರಾತಿನ ವಡನಗರದಲ್ಲಿ ಒಂದು ವಾರ. ಒಂದು ತಂಡಕ್ಕೆ 10 ಹುಡುಗರು, 10 ಹುಡುಗಿಯರು. ನೋಂದಣಿ ಆನ್‌ಲೈನ್‌ನಲ್ಲಿ. ‘ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್’ ಎಂಬುದು ಶಿಬಿರವೇ ಅಲ್ಲ. 14 ತುಂಬಿದವರು ಬ್ರಾಂಜ್, 15ಕ್ಕೆ ಸಿಲ್ವರ್, 16ಕ್ಕೆ ಗೋಲ್ಡ್. ಸೇವೆ, ಕೌಶಲ, ಆಟ, ಸಾಹಸ ಪ್ರವಾಸ ಎಂದು ತಿಂಗಳುಗಟ್ಟಲೆ ಲೆಕ್ಕ ಇಟ್ಟು ಮಾಡಬೇಕು. ನಿಮ್ಮ ಶಾಲೆ ಅದನ್ನು ನಡೆಸುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಮುಳಶಿಯ ಗುಡ್ಡದ ಮೇಲಿನ ಯುಡಬ್ಲ್ಯುಸಿ ಮಹೀಂದ್ರ ಕಾಲೇಜು ಗೊತ್ತಲ್ವಾ? 1997ರಲ್ಲಿ ಶುರುವಾದದ್ದು. ಅದನ್ನೂ ಮಕ್ಕಳು ಕ್ಯಾಂಪ್ ಅಂದುಕೊಂಡು ಬರುತ್ತಾರೆ. ಅದು ಎರಡು ವರ್ಷದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ನಮ್ಮ ಹನ್ನೊಂದು-ಹನ್ನೆರಡನೇ ಕ್ಲಾಸಿನ ಹಾಗೆ) ಓದು, ಅಲ್ಲೇ ಇದ್ದು ಓದಬೇಕು. ಮನೆಯ ಪರಿಸ್ಥಿತಿ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ ಎನ್ನುವುದು ನೆನಪಿರಲಿ. ಫೀಸಿನ ಅಂಕಿ ನೋಡಿಯೇ ಎಷ್ಟೋ ಅಪ್ಪಂದಿರು ಪುಟ ಮುಚ್ಚಿಬಿಡುತ್ತಾರೆ.

ಮತ್ತೊಂದು ಬಗೆ ಇದೆ, ಹೆಸರು ಬೇಡ. ನೀವು ಅರ್ಜಿಯನ್ನೇ ಹಾಕಿರುವುದಿಲ್ಲ, ‘ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, ಅಭಿನಂದನೆ’ ಎಂದು ಮೆಸೇಜ್ ಬರುತ್ತದೆ. ಕೆಳಗೆ ಸಾವಿರಗಟ್ಟಲೆ ಫೀಸು, ನಾಳೆಯೇ ಕೊನೆಯ ದಿನ. ನಿಜವಾದ ಆಯ್ಕೆಯವರು ಮಗುವಿಗೆ ಪ್ರಶ್ನೆ ಕೇಳುತ್ತಾರೆ. ಇವರು ಅಪ್ಪನಿಗೆ ಒಟಿಪಿ ಕೇಳುತ್ತಾರೆ. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಆ ಫೀಸು ಕಟ್ಟಿ ಒಂದು ಪದಕ, ಒಂದು ಪ್ಲಾಸ್ಟಿಕ್ ಫ್ರೇಮು ತಂದಿಟ್ಟಿದ್ದಾರೆ.

ಯಾವ ವರ್ಷ ಹಾಕಬೇಕು? ಒಂಬತ್ತನೇ ಕ್ಲಾಸು ಒಳ್ಳೆಯದು, ಹನ್ನೊಂದನೆಯದೂ ಪರವಾಗಿಲ್ಲ. ಹತ್ತರ ಮಕ್ಕಳಿಗೆ ನಾನು ದೀಪಾವಳಿ ಆದಮೇಲೆ ಫಾರ್ಮ್ ಮುಟ್ಟಲು ಬಿಡುವುದಿಲ್ಲ. ಫೆಬ್ರವರಿ-ಮಾರ್ಚ್ ಬಂದರೆ ಬೋರ್ಡಿನ ಪರೀಕ್ಷೆ.

ಈಗ ಪ್ರಬಂಧ. ನಾನು ಮಾಡಿಸುವುದು ಹೀಗೆ. ಮಗುವಿಗೆ ಒಂದು ಖಾಲಿ ಹಾಳೆ, ಒಂದು ಪೆನ್ನು, ಅರ್ಧ ಗಂಟೆ. ಫಾರ್ಮ್ ಪಕ್ಕಕ್ಕಿಡಬೇಕು, ಮೊಬೈಲ್ ನನ್ನ ಅಡುಗೆಮನೆಯಲ್ಲಿ. ಹಾಳೆಯನ್ನು ಕನ್ನಡದಲ್ಲೇ ತುಂಬಬೇಕು. ಕನ್ನಡ ಬರೆಯಲು ಬಾರದವರು ಮರಾಠಿಯಲ್ಲಿ ಬರೆಯಲಿ, ಒಟ್ಟಿನಲ್ಲಿ ಮನೆಯಲ್ಲಿ ಜಗಳ ಆಡುವ ಭಾಷೆ ಆದರೆ ಸಾಕು. ‘ಲೀಡರ್’, ‘ಸಮಾಜ’, ‘ಸೇವೆ’ ಎಂಬ ಪದಗಳಿಗೆ ಆ ಹಾಳೆಯಲ್ಲಿ ಜಾಗವಿಲ್ಲ. ಎಲ್ಲಿ ಏನೋ ಕೆಟ್ಟು ನಿಂತಿತ್ತು? ಅಲ್ಲಿ ಯಾರ್‍ಯಾರಿದ್ದರು? ನೀನು ಮೊದಲು ಏನು ಮಾಡಿದೆ? ಅದರಲ್ಲಿ ಏನು ತಪ್ಪಿತು? ಈಗ ಅದು ಹೇಗಿದೆ? ನಾನು ಕೇಳುವುದು ಇಷ್ಟೇ.

ಮೊದಲ ಹತ್ತು ನಿಮಿಷ ಎಲ್ಲರೂ ಪೆನ್ನು ಕಚ್ಚುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಹಾಗೇ ಕೂತಿದ್ದ. ಅವನ ಅಮ್ಮ ಇಂಡಿ ತಾಲೂಕಿನವರು, ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ‘ನಾನು ಏನೂ ಮಾಡಿಲ್ಲ ಟೀಚರ್’ ಅಂದ. ‘ಶನಿವಾರ ಟ್ಯೂಷನ್‌ಗೆ ಯಾಕೆ ತಡ ಆಗ್ತದೆ?’ ಅಂತ ಕೇಳಿದೆ. ‘ದವಾಖಾನೆಗೆ ಹೋಗಬೇಕಲ್ಲ’ ಅಂದ. ಯಾರಿಗೆ ಆರಾಮಿಲ್ಲ ಎಂದರೆ, ಅವನ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ! ಅಮ್ಮನ ಜೊತೆ ಕೆಲಸ ಮಾಡುವವರಿಗೆ ಮರಾಠಿ ಬರುವುದಿಲ್ಲ, ಅದಕ್ಕೆ ಇವನು ಹೋಗಿ ಮಾತಾಡುತ್ತಾನೆ. ಎಂಟನೇ ಕ್ಲಾಸಿನಿಂದಲೂ ನಡೆದಿದೆ. ಅವನಿಗೆ ಅದು ತರಕಾರಿ ತಂದಷ್ಟೇ ಮಾಮೂಲು.

ಬರಿ ಅಂದೆ, ಬರೆದ. ಒಮ್ಮೆ ಒಬ್ಬ ಅಜ್ಜಿಗೆ ಹೊಟ್ಟೆ ತೊಳಸುತ್ತಿತ್ತು. ‘ಸಂಕಟ ಆಗಾಕತ್ತೈತ್ರೀ’ ಅಂದರು. ಇವನು ಆ ಪದವನ್ನು ಹಾಗೇ ಎತ್ತಿ ಮರಾಠಿ ವಾಕ್ಯದಲ್ಲಿ ಕೂರಿಸಿದ. ಮರಾಠಿಯಲ್ಲಿ ಸಂಕಟ ಎಂದರೆ ಆಪತ್ತು. ಕೌಂಟರಿನವರು ಗಾಬರಿಯಾಗಿ ‘ಯಾರಾದರೂ ಹೊಡೆದರಾ? ಮನೆಯಲ್ಲಿ ಗಲಾಟೆಯಾ?’ ಎಂದು ಶುರು ಮಾಡಿದರು. ಅಜ್ಜಿ ಅಷ್ಟರಲ್ಲಿ ಅಲ್ಲೇ ವಾಂತಿ ಮಾಡಿ ವಿಷಯ ತಿಳಿಸಿದರು. ಅವತ್ತು ರಾತ್ರಿ ಹುಡುಗ ಒಂದು ಪಟ್ಟಿ ಮಾಡಿದ. ಹೊಟ್ಟೆ ತೊಳಸುವುದಕ್ಕೆ ‘ಮಳಮಳ’, ವಾಂತಿಗೆ ‘ಉಲಟಿ’, ಕೆಮ್ಮಿಗೆ ‘ಖೋಕಲಾ’, ಊತಕ್ಕೆ ‘ಸೂಜ್’. ಒಟ್ಟು 14 ಪದ, ಎಲ್ಲ ಕನ್ನಡ ಅಕ್ಷರದಲ್ಲಿ. 20 ಜೆರಾಕ್ಸ್ ತೆಗೆಸಿ ಸೈಟಿನ ಹೆಂಗಸರಿಗೆ ಹಂಚಿದ. ಆಮೇಲೆ ನೋಡಿದರೆ ಅವರಲ್ಲಿ ಅರ್ಧ ಮಂದಿಗೆ ಓದಲು ಬರುವುದಿಲ್ಲ. ಪದಗಳ ಪಕ್ಕ ಚಿತ್ರ ಬಿಡಿಸಿದ. ಊತಕ್ಕೆ ಬಿಡಿಸಿದ ಕಾಲು ಬದನೆಕಾಯಿ ಹಾಗಿತ್ತು, ನಾನೇ ನೋಡಿದ್ದೇನೆ.

ಅವನ ಇಂಗ್ಲಿಷ್ ಪ್ರಬಂಧ ಆ ಕೌಂಟರಿನಲ್ಲೇ ಶುರುವಾಯಿತು. ಸಣ್ಣ ಸಣ್ಣ ವಾಕ್ಯ, ಅವನೇ ಡಿಕ್ಷನರಿ ನೋಡಿ ಮಾಡಿದ್ದು. ನಾನು ತಿದ್ದಿದ್ದು ಸ್ಪೆಲ್ಲಿಂಗ್ ಮತ್ತು ಕಾಲ, ಬೇರೆ ಏನೂ ಇಲ್ಲ. ಓದಲು ಬಾರದ ಹೆಂಗಸರಿಗೆ ಹಾಳೆ ಹಂಚಿದ ಭಾಗವನ್ನು ತೆಗೆದುಬಿಡುತ್ತೇನೆ ಅಂದ, ಅವಮಾನ ಅಂತೆ. ನಾನು ಬಿಡಲಿಲ್ಲ. ಇಂಟರ್‌ವ್ಯೂನಲ್ಲಿ ಅವರು ಹತ್ತು ನಿಮಿಷ ಕೇಳಿದ್ದು ಅದೊಂದನ್ನೇ. ತಪ್ಪಿದ ಜಾಗವನ್ನು ಮುಚ್ಚಿದರೆ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

300 ಪದ ಅಂದರೆ 300 ಪದ. ಆನ್‌ಲೈನ್ ಫಾರ್ಮ್ ಮುಲಾಜಿಲ್ಲದೆ ಅಲ್ಲಿಗೇ ಕತ್ತರಿಸುತ್ತದೆ. ಚಾಟ್‌ಜಿಪಿಟಿಯಲ್ಲಿ ಬರೆಸಿ ತರುವವರೂ ಈಗ ಇದ್ದಾರೆ. ಹೋದ ಸಲ ಮೂರು ಮಕ್ಕಳು ಬೇರೆ ಬೇರೆ ದಿನ ತಂದು ತೋರಿಸಿದರು, ಮೂವರೂ ‘ಸಣ್ಣ ವಯಸ್ಸಿನಿಂದಲೇ ಬದಲಾವಣೆಯ ಕನಸು’ ಕಂಡವರೇ. ನಾನು ‘ಹೋಲಿಸ್ಟಿಕ್’ ಕಥೆ ಹೇಳಿ ಹಾಳೆ ಕೊಟ್ಟೆ.

ಶಿಫಾರಸು ಪತ್ರಕ್ಕೆ ಹೆಡ್‌ಮಾಸ್ಟರ್ ಹಿಂದೆ ಓಡಬೇಡಿ. ಅವರಿಗೆ ಮಗುವಿನ ಹೆಸರೇ ಗೊತ್ತಿರುವುದಿಲ್ಲ, ಎಲ್ಲರಿಗೂ ಕೊಡುವ ಒಂದೇ ಪತ್ರ ಕೊಡುತ್ತಾರೆ. ಕ್ಲಾಸ್ ಟೀಚರ್, ಪಿಟಿ ಸರ್, ಲ್ಯಾಬಿನವರು, ಮಗುವನ್ನು ಹತ್ತಿರದಿಂದ ನೋಡಿದವರು ಯಾರೋ ಅವರನ್ನು ಕೇಳಿ. ಮೂರು ವಾರ ಮೊದಲೇ ಕೇಳಿ. ಆ ಕನ್ನಡದ ಹಾಳೆಯಲ್ಲಿರುವುದನ್ನು ನಾಲ್ಕು ಸಾಲಿನಲ್ಲಿ ಬರೆದ ಚೀಟಿಯನ್ನೂ ಕೊಡಿ. ಪಾಪ, ಅವರಿಗೆ 60 ಮಕ್ಕಳು.

ಕಾಗದಪತ್ರದಲ್ಲಿ ನಮ್ಮವರಿಗೆ ಮಹಾರಾಷ್ಟ್ರದ್ದೇ ಎರಡು ಗುಂಡಿಗಳಿವೆ. ಒಂದು ಹೆಸರು. ಇಲ್ಲಿನ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು, ಮಗುವಿನ ಹೆಸರು, ಅಪ್ಪನ ಹೆಸರು ಮೂರೂ ಇರುತ್ತವೆ. ನಮ್ಮವರ ಆಧಾರ್‌ನಲ್ಲಿ ಹೆಸರು, ಒಂದು ಇನಿಷಿಯಲ್, ಮುಗಿಯಿತು. ಫಾರ್ಮ್‌ಗೆ ಯಾವುದನ್ನು ಹಾಕಿದರೂ ಇನ್ನೊಂದು ತಾಳೆಯಾಗುವುದಿಲ್ಲ. ಆಧಾರ್ ತಿದ್ದುಪಡಿ ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ, ಬೇಸಿಗೆ ರಜೆಯಲ್ಲೇ ಮುಗಿಸಿ. ಶಾಲೆಯಿಂದ ‘ಬೋನಫೈಡ್’ (ಮಗು ಇಲ್ಲೇ ಓದುತ್ತಿದೆ ಎಂಬ ಪ್ರಮಾಣಪತ್ರ) ತೆಗೆದುಕೊಳ್ಳುವಾಗಲೂ ಸ್ಪೆಲ್ಲಿಂಗ್ ನೋಡಿಯೇ ಕೌಂಟರ್ ಬಿಡಿ. ಇನ್ನೊಂದು ‘ಉತ್ಪನ್ನಾಚಾ ದಾಖಲಾ’. ಒಬ್ಬ ಅಪ್ಪ ನನ್ನ ಹತ್ತಿರ ಬಂದು, ‘ಅಕ್ಕೋರ, ನಾವು ಏನೂ ಉತ್ಪನ್ನ ಮಾಡೂದಿಲ್ರೀ, ನಾನು ವಾಚ್‌ಮನ್’ ಅಂದಿದ್ದರು. ಮರಾಠಿಯಲ್ಲಿ ಉತ್ಪನ್ನ ಎಂದರೆ ಆದಾಯ! ಫೀಸು ಮಾಫಿ ಕೇಳಬೇಕೆಂದರೆ ಇದು ಬೇಕಾಗಬಹುದು. ಸರ್ಕಾರಿ ದಾಖಲೆಗಳಿಗೆ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರದಲ್ಲಿ ಕೊಡಬೇಕು. ಒಂದು ವರ್ಷದ್ದು, ಮೂರು ವರ್ಷದ್ದು ಎಂದು ಎರಡು ಬಗೆ ಇವೆ. ಯಾವುದು ಬೇಕೆಂದು ಫಾರ್ಮ್ ಓದಿಕೊಂಡೇ ಹೋಗಿ.

ಹೆಣ್ಣುಮಕ್ಕಳ ಅಮ್ಮಂದಿರು ಇಲ್ಲಿ ನಿಲ್ಲುತ್ತಾರೆ. ‘ನಾಕು ದಿನ ಹೊರಗ ಹೆಂಗ ಬಿಡೂದ್ರೀ ಅಕ್ಕೋರ?’ ಅವರು ಕೇಳುವುದು ತಪ್ಪಲ್ಲ, ನಾನೂ ಮಗಳ ತಾಯಿ. ಹಾಗಾಗಿ ನಡೆಸುವವರಿಗೆ ಫೋನ್ ಮಾಡಿ ಕೇಳಿಸುತ್ತೇನೆ. ರಾತ್ರಿ ಹುಡುಗಿಯರ ಜೊತೆ ಇರುವ ಹೆಂಗಸು ಯಾರು? ಅವರ ನಂಬರ್ ಕೊಡುತ್ತೀರಾ? ಆರಾಮ ತಪ್ಪಿದರೆ ಎಲ್ಲಿಗೆ ಕರೆದೊಯ್ಯುತ್ತೀರಿ? ಮಗು ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದಾ? ಇದಕ್ಕೆ ಸರಿಯಾಗಿ ಉತ್ತರ ಕೊಡದವರ ಹತ್ತಿರ ಕಳಿಸಬೇಡಿ, ಹೆಸರು ಎಷ್ಟೇ ದೊಡ್ಡದಿರಲಿ. ಉತ್ತರ ಕೊಟ್ಟರೆ ಫೋನನ್ನು ಅಮ್ಮನ ಕೈಗೇ ಕೊಡುತ್ತೇನೆ.

ಇಂಟರ್‌ವ್ಯೂಗೆ ಅಭ್ಯಾಸ ಬೇಕು, ಆದರೆ ಬಾಯಿಪಾಠ ಬೇಡ. ಒಬ್ಬೊಬ್ಬರನ್ನೇ ಕೇಳುವುದಕ್ಕಿಂತ ಗುಂಪಿನ ಚರ್ಚೆಯಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಪಟಪಟ ಅಂದರೆ ಇವರು ಗೋಡೆ ನೋಡುತ್ತಾರೆ. ನಾನು ಆರು ಮಕ್ಕಳನ್ನು ಕೂರಿಸಿ ಮಧ್ಯೆ ಏಳು ಶೇಂಗಾ ಉಂಡೆ ಇಡುತ್ತೇನೆ. ‘300 ರೂಪಾಯಿಯಲ್ಲಿ ಆರೂ ಜನ ನಿಗಡಿಯ ಭಕ್ತಿ-ಶಕ್ತಿ ಉದ್ಯಾನಕ್ಕೆ ಹೋಗಿ ಬರಬೇಕು, ಪ್ಲಾನ್ ಮಾಡಿ. ಏಳನೇ ಉಂಡೆ ಯಾರಿಗೆ ಅನ್ನೋದೂ ನಿರ್ಧಾರ ಆಗಬೇಕು.’ ಹದಿನೈದು ನಿಮಿಷ ನಾನು ಸುಮ್ನೆ ಚಹಾ ಕುಡಿಯುತ್ತೇನೆ. ಒಬ್ಬ ಬಸ್ಸು ಅನ್ನುತ್ತಾನೆ, ಒಬ್ಬಳು ವಾಪಸ್ ಬರುವಷ್ಟರಲ್ಲಿ ಕತ್ತಲಾಗುತ್ತದೆ ಅನ್ನುತ್ತಾಳೆ. ಒಮ್ಮೆ ಒಂದು ಹುಡುಗಿ ಕೊನೆಯವರೆಗೂ ಎರಡೇ ಮಾತಾಡಿದಳು. ‘ಇವನು ಆಗಿನಿಂದ ಏನೋ ಹೇಳಬೇಕು ಅಂತಿದ್ದಾನೆ, ಕೇಳೋಣ’ ಅಂದದ್ದು ಒಂದು. ‘ಹಾಗಾದರೆ 40 ರೂಪಾಯಿ ಉಳಿಯಿತಲ್ಲ’ ಅಂದದ್ದು ಇನ್ನೊಂದು. ಜಾಸ್ತಿ ಮಾತಾಡಿದವನಿಗಿಂತ ಅವಳಿಗೇ ನಾನು ಮಾರ್ಕು ಕೊಟ್ಟೆ, ನಿಜವಾದ ಆಯ್ಕೆಯಲ್ಲೂ ಹಾಗೇ ಆಯಿತು. ಏಳನೇ ಉಂಡೆಯನ್ನು ಅವರು ನನಗೇ ತಿನ್ನಿಸಿದರು.

ಇಂಗ್ಲಿಷ್ ಸಿಕ್ಕಿಹಾಕಿಕೊಂಡರೆ ‘ಹಿಂದಿಯಲ್ಲಿ ಹೇಳಲಾ?’ ಎಂದು ಕೇಳುವುದನ್ನೂ ಅಭ್ಯಾಸ ಮಾಡಿಸಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಅಂದರೆ ಸಾಕು. ಮಗು ಕೋಣೆಗೆ ಹೋದಾಗ ಅಪ್ಪ-ಅಮ್ಮ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲಬೇಡಿ, ಒಳಗಿನವರಿಗೆ ನೆರಳು ಕಾಣುತ್ತದೆ.

ಸಬ್‌ಮಿಟ್ ಒತ್ತಿದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು, ಅರ್ಜಿ ನಂಬರನ್ನು ಕಾಲನಿರ್ಣಯದ ಮೇಲೂ ಬರೆದಿಡಿ. ಮೊಬೈಲ್ ಕಳೆಯುತ್ತದೆ, ಕ್ಯಾಲೆಂಡರ್ ಗೋಡೆಯಲ್ಲೇ ಇರುತ್ತದೆ. ಕೊನೆಯ ರಾತ್ರಿ 11 ಗಂಟೆಗೆ ಕೂರಬೇಡಿ, ಆಗ ಸರ್ವರ್ ಸುತ್ತುತ್ತಲೇ ಇರುತ್ತದೆ. ಕನ್ನಡದ ಹಾಳೆಯನ್ನು ಎಸೆಯಬೇಡಿ. ನನ್ನ ಹತ್ತಿರ ಸೀರೆ ಡಬ್ಬಿಯೊಂದರ ತುಂಬ ಅವೇ ಇವೆ. ಈ ವರ್ಷ ಆಗದವರು ಮುಂದಿನ ವರ್ಷ ಬಂದು ತಮ್ಮ ಹಾಳೆ ಹುಡುಕಿ, ಕೆಳಗೆ ಮತ್ತೆರಡು ಸಾಲು ಸೇರಿಸುತ್ತಾರೆ. ಆ ದವಾಖಾನೆಯ ಹುಡುಗ ಕ್ಯಾಂಪಿನಿಂದ ಬಂದಮೇಲೂ ಡಬ್ಬಿ ತೆಗೆಸಿದ. ಅವನ ಪಟ್ಟಿ ಈಗ 40 ಪದ ದಾಟಿದೆ. ಕಾಲಿನ ಚಿತ್ರ ಮಾತ್ರ ಇನ್ನೂ ಬದನೆಕಾಯಿಯೇ.